ರಂಜಿಯ ಮುಖದ ಅರಿಸಿನ

ಅರಿಸಿನದ ಕೊಂಬನ್ನು ಕಲ್ಲಿನ ಮೇಲೆ ತೇಯುತ್ತಿದ್ದೆ. ಅವ್ವ ಹಿತ್ತಿಲ ಹೊಸ್ತಿಲಲ್ಲಿ ಕೂತು ಕಡಲೆಹಿಟ್ಟಿಗೆ ಹಾಲಿನ ಕೆನೆ ಹಾಕಿ ಕಲಸುತ್ತಿದ್ದಳು. ನಮ್ಮಿಬ್ಬರ ನಡುವೆ ಮಣೆಯ ಮೇಲೆ ಅಣ್ಣನ ಮಗಳು ರಂಜಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ತೇದದ್ದನ್ನು ಬೆರಳಲ್ಲಿ ಬಳಿದು ಕೊಟ್ಟೆ. ಅವ್ವ ಅದನ್ನು ಹಿಟ್ಟಿಗೆ ಬೆರೆಸಿ ರಂಜಿಯ ಮೇಲ್ದುಟಿಗೆ, ಕೆನ್ನೆಗೆ, ಹಣೆಯ ಅಂಚಿಗೆ ದಪ್ಪಗೆ ಹಚ್ಚಿದಳು. ಒಣಗುವವರೆಗೆ ಮೂವರೂ ಹಾಗೇ ಕೂತೆವು. ಆಮೇಲೆ ಅವ್ವ ಹೆಬ್ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಉಜ್ಜಿ ಉಜ್ಜಿ ಹಿಟ್ಟನ್ನು ಉದುರಿಸಿದಳು. ರಂಜಿಯ ರೆಪ್ಪೆಗಳ ಸಂದಿನಿಂದ ನೀರು ಇಳಿಯಿತು. ಒಂಬತ್ತು ವರ್ಷಕ್ಕೇ ಸದ್ದಿಲ್ಲದೆ ಅಳುವುದನ್ನು ಕಲಿತಿದ್ದಳು.

ಹಿಂದಿನ ದಿನ ರಾತ್ರಿಯಷ್ಟೇ ನಾನು ಉಡಿಗಾಲದಿಂದ ಗುಂಡ್ಲುಪೇಟೆಗೆ ವಾಪಸ್ಸು ಬಂದಿದ್ದೆ. ತವರಿನಲ್ಲಿ ಕಾಯಿಲೆಯ ಮಗು ಇದೆ ಎಂದು ಅಕ್ಕನ ಬಾಣಂತನ ಅವಳ ಗಂಡನ ಮನೆಯಲ್ಲೇ ನಡೆದಿತ್ತು. ನೀರು ಹೊರಲು, ಬಟ್ಟೆ ಒಗೆಯಲು ನನ್ನನ್ನು ಅಲ್ಲಿ ಬಿಟ್ಟಿದ್ದರು. ಮಳೆಗಾಲ ಪೂರ್ತಿ ಅಲ್ಲೇ ಕಳೆಯಿತು. ನಾನು ಹೋಗುವಾಗ ರಂಜಿಯ ಮುಖದ ಮೇಲೆ ಹುಡುಗರಿಗೆ ಮೀಸೆ ಚಿಗುರುವ ಹಾಗೆ ಕಪ್ಪು ಕೂದಲಿತ್ತು. ಹುಬ್ಬುಗಳು ಕೂಡಿಕೊಂಡಿದ್ದವು. ಬೆನ್ನಿನ ಮೇಲೂ, ತೋಳಿನ ಮೇಲೂ ಇತ್ತು. ಈಗ ಹೆಚ್ಚುಕಮ್ಮಿ ಎಲ್ಲ ಹೋಗಿತ್ತು. ಅರಿಸಿನದ ಗುಣ ಎಂದು ಅವ್ವ ಬಂದವರಿಗೆಲ್ಲ ತೋರಿಸುತ್ತಿದ್ದಳಂತೆ. ಮುಖದ್ದು ಅರಿಸಿನದಿಂದ ಹೋಯಿತು ಅಂತಲೇ ಇಟ್ಟುಕೊಳ್ಳೋಣ. ಬೆನ್ನಿಗೆ ಯಾರೂ ಅರಿಸಿನ ಹಚ್ಚಿರಲಿಲ್ಲ. ಸ್ನಾನ ಮಾಡಿಸುವಾಗ ನೋಡಿದೆ, ಅಲ್ಲಿಯ ಕೂದಲೂ ಹೋಗಿತ್ತು.

ರಂಜಿಯ ಹೊಟ್ಟೆಯಲ್ಲಿರುವ ಕಿಡ್ನಿ ನನ್ನದು.

ಅವಳಿಗೆ ಏಳು ವರ್ಷವಾಗಿದ್ದಾಗ ಅವಳ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿದ್ದವು. ಅತ್ತಿಗೆ ಲಕ್ಷ್ಮಿದೇವಿಯ ರಕ್ತದ ಗುಂಪು ಹೊಂದಲಿಲ್ಲ. ಅವ್ವನಿಗೆ ಸಕ್ಕರೆ ಕಾಯಿಲೆ. ಅಣ್ಣ ಗಂಗಾಧರಸ್ವಾಮಿ ಮಾರ್ಕೆಟ್ಟಿನಲ್ಲಿ ಕಾಳಿನ ಮಂಡಿ ಇಟ್ಟಿರುವವನು, ಮನೆಗೆ ದುಡಿದು ಹಾಕುವ ಒಬ್ಬನೇ ಗಂಡಸು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮನೆಯಲ್ಲಿದ್ದವಳು ನಾನು. ತಂದೆತಾಯಿ ಬಿಟ್ಟು ಸೋದರತ್ತೆ ಕೊಡಬೇಕಾದರೆ ಬೆಂಗಳೂರಿನಲ್ಲಿ ಒಂದು ಸಮಿತಿ ಒಪ್ಪಬೇಕಿತ್ತು. ಯಾರಾದರೂ ಒತ್ತಾಯ ಮಾಡಿದ್ದಾರೇನಮ್ಮ ಎಂದು ಅಲ್ಲಿ ವಯಸ್ಸಾದವರೊಬ್ಬರು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ. ಅದು ನಿಜ. ಯಾರೂ ಒತ್ತಾಯ ಮಾಡಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಕೇಳಿದ್ದರೂ ಕೊಡುತ್ತಿದ್ದೆ. ರಂಜಿ ನನ್ನ ಸೊಂಟದ ಮೇಲೆ ಬೆಳೆದ ಮಗು.

ಆಪರೇಷನ್ ಆದ ಮಾರನೇ ವರ್ಷ ಚಾಮರಾಜನಗರದಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು. ಕಾಫಿ ಕುಡಿದು ಹೊರಡುವಾಗ ಅವ್ವನನ್ನು ಪಕ್ಕಕ್ಕೆ ಕರೆದು, ಒಂದೇ ಕಿಡ್ನಿಯಲ್ಲಿ ಮಕ್ಕಳಾಗುತ್ತವಾ ಎಂದು ಕೇಳಿದರು. ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದಳು ಅವ್ವ. ಕೇಳಲಿಲ್ಲ. ಅವರೂ ಮತ್ತೆ ಬರಲಿಲ್ಲ. ಮೊಮ್ಮಗಳನ್ನು ಬೆಟ್ಟದ ಮಾದಪ್ಪ ಉಳಿಸಿಕೊಟ್ಟ ಎಂದು ಅವ್ವ ಊರಿಗೆಲ್ಲ ಹೇಳುವಳು. ನಾನು ಲೋಟ ಎತ್ತಿಕೊಂಡು ಒಳಗೆ ಹೋಗುವೆನು. ರಾತ್ರಿ ರಂಜಿ ಬಚ್ಚಲಿಗೆ ಎದ್ದು ಹೋದ ಸದ್ದು ಕೇಳಿಸಿದರೆ ಮಾತ್ರ ನನಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು. ನನ್ನದು ಅಲ್ಲಿ ಕೆಲಸ ಮಾಡುತ್ತಿದೆ ಎಂದುಕೊಳ್ಳುತ್ತಿದ್ದೆ.

ಆಪರೇಷನ್ ಆದ ಮೈಸೂರಿನ ಆಸ್ಪತ್ರೆಯಲ್ಲಿ ಮಕ್ಕಳ ಕಿಡ್ನಿ ಡಾಕ್ಟರಮ್ಮನ ಜೊತೆ ಬೆಳಿಗ್ಗೆ ಬೆಳಿಗ್ಗೆ ಒಂದು ಗುಂಪೇ ವಾರ್ಡಿಗೆ ಬರುತ್ತಿತ್ತು. ಅದರಲ್ಲಿ ಸುಧಾಕರ್ ಎಂದು ಒಬ್ಬರು, ಆಸ್ಪತ್ರೆಯ ಫಾರ್ಮಸಿಸ್ಟು. ಅವರ ಕುತ್ತಿಗೆಗೆ ಸ್ಟೆತಾಸ್ಕೋಪು ಇರಲಿಲ್ಲ. ಉಳಿದವರು ಮಗುವನ್ನು ನೋಡುತ್ತಿದ್ದರೆ ಅವರು ಮಗುವಿಗೆ ಹೋಗುತ್ತಿರುವ ಔಷಧಗಳನ್ನು ನೋಡುತ್ತಿದ್ದರು. ಈ ತೂಕಕ್ಕೆ ಇಷ್ಟು ಜಾಸ್ತಿಯಾಯಿತು, ಇವೆರಡು ಒಟ್ಟಿಗೆ ಬೇಡ ಎಂದು ಮೆಲ್ಲಗೆ ಹೇಳುವರು. ಡಾಕ್ಟರಮ್ಮ ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆಯುವರು. ಒಮ್ಮೆ ರಂಜಿಗೆ ಜ್ವರ ಬಂದು ಗುಂಡ್ಲುಪೇಟೆಯಲ್ಲಿ ಯಾವುದೋ ಮಾತ್ರೆ ಬರೆದುಕೊಟ್ಟಾಗ, ಅದು ಕಿಡ್ನಿಯ ಮಾತ್ರೆಗೆ ಆಗಿಬರುವುದಿಲ್ಲ ಎಂದು ಫೋನಿನಲ್ಲೇ ನಿಲ್ಲಿಸಿದವರೂ ಅವರೇ. ಅಣ್ಣನಿಗೆ ಮಾತ್ರ ಅವರನ್ನು ಕಂಡರೆ ನಗು. "ಮೆಡಿಕಲ್ ಸ್ಟೋರ್‌ನೋನು ಡಾಕ್ಟ್ರಿಗೆ ಪಾಠ ಏಳ್ತಾನಲ್ಲ" ಎನ್ನುತ್ತಿದ್ದ. ಅವರ ಊರು ಚಾಮರಾಜನಗರ ಎಂದು ತಿಳಿದ ಮೇಲೆ ಅವ್ವನ ಲೆಕ್ಕದಲ್ಲಿ ಅವರ ಬೆಲೆ ಇನ್ನಷ್ಟು ಇಳಿಯಿತು. ನಮ್ಮ ಕಡೆಯವನಿಗೆ ಅಷ್ಟೆಲ್ಲ ಗೊತ್ತಿರಲು ಸಾಧ್ಯವಿಲ್ಲ ಎಂಬುದು ಅವಳ ನಂಬಿಕೆ.

ಮನೆಗೆ ಕಳಿಸುವ ಮುಂಚೆ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದವರು ಸುಧಾಕರ್. ಬೇರೆಯವರ ಕಿಡ್ನಿಯನ್ನು ಮೈ ತನ್ನದೆಂದು ಒಪ್ಪುವುದಿಲ್ಲ, ಕೊಂದು ಹಾಕಲು ನೋಡುತ್ತದೆ, ಈ ಮಾತ್ರೆ ಅದನ್ನು ತಡೆಯುತ್ತದೆ ಎಂದರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ತಪ್ಪಿಸುವ ಹಾಗಿಲ್ಲ. ರಕ್ತಪರೀಕ್ಷೆಯ ದಿನ ಮಾತ್ರ ಬೆಳಗಿನ ಮಾತ್ರೆಯನ್ನು ಕೊಡದೆ ಜೊತೆಯಲ್ಲಿ ತರಬೇಕು, ರಕ್ತ ತೆಗೆದ ಮೇಲೆ ನುಂಗಿಸಬೇಕು. ಹಿಂದಿನ ಸಂಜೆ ಕೊಟ್ಟದ್ದರಲ್ಲಿ ಇನ್ನೂ ಎಷ್ಟು ಉಳಿದಿದೆ ಎಂದು ನೋಡುವ ಪರೀಕ್ಷೆ ಅದು. ಈ ಮಾತ್ರೆಯಿಂದ ಮೈಮೇಲೆ ಕೂದಲು ಬರಬಹುದು, ವಸಡು ಊದಬಹುದು, ಬಂದರೆ ನಾಚಿಕೊಳ್ಳದೆ ನಮಗೆ ಹೇಳಿ ಎಂದೂ ಹೇಳಿದರು. ಅವ್ವ ಆಗ ಕಿಟಕಿಯಾಚೆ ನೋಡುತ್ತಿದ್ದಳು.

ಆ ಮಾತ್ರೆಗೆ ಒಂದು ಕೆಟ್ಟ ವಾಸನೆ. ಸುತ್ತಿದ ಹಾಳೆ ಹರಿದರೆ ಸಾಕು, ನಡುಮನೆಯಿಂದ ಅಡುಗೆಮನೆಯವರೆಗೆ ಬರುತ್ತಿತ್ತು. ಅರಿಸಿನ ಹಚ್ಚಿದ ಆ ಸಂಜೆ ದೀಪ ಹಚ್ಚಿದೆವು, ಊಟವಾಯಿತು, ರಂಜಿಗೆ ಹಾಸಿಗೆ ಹಾಸಿದೆವು. ವಾಸನೆ ಬರಲಿಲ್ಲ. ಮಾತ್ರೆ ಕೊಡಲಿಲ್ಲವೇ ಎಂದು ಅತ್ತಿಗೆಯನ್ನು ಕೇಳಿದೆ. ಅವಳು ಅವ್ವನ ಮುಖ ನೋಡಿದಳು.

ಸಂಜೆಯದನ್ನು ನಿಲ್ಲಿಸಿದ್ದೇವೆ ಎಂದಳು ಅವ್ವ. ನಾನು ಉಡಿಗಾಲಕ್ಕೆ ಹೋದ ಸ್ವಲ್ಪ ದಿನಕ್ಕೇ ನಿಲ್ಲಿಸಿದ್ದಳಂತೆ. ಅರ್ಧ ಮಾಡಿದ ಮೇಲೆ ಕೂದಲು ತಾನಾಗಿ ಉದುರಿತಂತೆ. ಹಾಗಾದರೆ ಅರಿಸಿನ ಯಾಕೆ ಎಂದು ನಾನು ಕೇಳಲಿಲ್ಲ. ಮಾತ್ರೆ ನಿಲ್ಲಿಸಬಾರದಂತಲ್ಲ ಎಂದಷ್ಟೇ ಅಂದೆ.

"ಮೊಕದ ಮ್ಯಾಲೆ ಮೀಸೆ ಬುಟ್ಕಂಡು ಸ್ಕೂಲ್ಗೆ ಓಗಕಾಯ್ತದ? ಐಕ್ಳು ಮೀಸೆ ರಂಜಿ ಅಂತ ಕೂಗ್ತಿದ್ವು. ನಾಳಿಕ್ಕೆ ಇವ್ಳ್ನ ಯಾವನು ಕಟ್ಕಂಡನು? ನಿನ್ನೊಬ್ಳುನ್ನ ಮನೇಲಿ ಮಡಿಕಂಡಿರದು ಸಾಲ್ದ?"

ರಂಜಿ ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡಳು.

ಅಷ್ಟರಲ್ಲಿ ಅಣ್ಣ ಮಂಡಿಯಿಂದ ಬಂದ. ನನಗೆ ವಿಷಯ ಗೊತ್ತಾಗಿದೆ ಎಂದು ತಿಳಿದು ಅವನಿಗೆ ಸಿಟ್ಟು ಬರಲಿಲ್ಲ, ಹೆಮ್ಮೆಯೇ ಬಂತು. ತಿಂಗಳು ತಿಂಗಳು ರಿಪೋರ್ಟು ಹೇಗೆ ಬರುತ್ತಿದೆ ಎಂದು ಕೇಳು ಎಂದ. ಔಷಧ ರಕ್ತದಲ್ಲಿ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ ಎಂದು ಡಾಕ್ಟರಮ್ಮನೇ ಎರಡು ಸಲ ಪ್ರಮಾಣ ಇಳಿಸಿದ್ದಾರೆ, ಇನ್ನೇನು ಬೇಕು ಎಂದ. ಅರ್ಧ ಕೊಟ್ಟರೆ ಜಾಸ್ತಿ ಹೇಗಾಗುತ್ತದೆ ಎಂದು ನಾನು ಅವನ ಮುಖ ನೋಡಿದೆ.

ಮಂಡಿಗೆ ಬಂದ ಮೂಟೆಯನ್ನು ಕೊಳ್ಳುವವನು ಬಿಚ್ಚಿ ನೋಡುವುದಿಲ್ಲ. ಚೂಪು ತುದಿಯ ಕಬ್ಬಿಣದ ಕೊಳವೆಯನ್ನು ಅದರ ಹೊಟ್ಟೆಗೆ ಚುಚ್ಚುತ್ತಾನೆ. ಕೊಳವೆಯಲ್ಲಿ ಬಂದ ಹಿಡಿ ಕಾಳನ್ನು ಅಂಗೈಗೆ ಹಾಕಿಕೊಂಡು ಊದಿ, ಒಂದು ಕಾಳು ಕಡಿದು, ಬೆಲೆ ಹೇಳುತ್ತಾನೆ. ಅವನು ಎಲ್ಲಿ ಚುಚ್ಚುತ್ತಾನೆ ಎಂದು ಬಲ್ಲವರು ಆ ಜಾಗಕ್ಕೆ ಒಳ್ಳೆಯ ಕಾಳು ಬರುವ ಹಾಗೆ ತುಂಬಿರುತ್ತಾರೆ. ಅಣ್ಣ ಇದನ್ನು ಮೋಸ ಎಂದುಕೊಂಡವನಲ್ಲ. ಅವನ ಪ್ರಕಾರ ಅದು ಮೂಟೆ ತುಂಬುವ ಕಸುಬು, ಅಷ್ಟೆ.

"ಪರೀಕ್ಸೆ ದಿವ್ಸ ಒತ್ತಾರೆ ಸಂಜೆದೂ ಸೇರ್ಸಿ ಎಲ್ಡೂ ನುಂಗ್ಸಿ ಕರ್ಕಂಡೋಗದು," ಎಂದ ಅಣ್ಣ. "ಅವ್ರು ಸೂಜಿ ಚುಚ್ಚೊತ್ಗೆ ರಕ್ತದ ತುಂಬ ಔಸ್ದ ಇರ್ತದೆ. ಒಂದ್ಸಲನೂ ಕಮ್ಮಿ ಬಂದಿಲ್ಲ ಕಣಮ್ಮಿ."

ಡಾಕ್ಟರಮ್ಮ ಎರಡು ಸಲ ಇಳಿಸಿದ್ದು. ಇಳಿಸಿದ್ದರಲ್ಲಿ ಅವ್ವ ಅರ್ಧ ಕೊಡುತ್ತಿದ್ದದ್ದು. ಇದನ್ನು ತಿಳಿಯಲು ನನಗೆ ಹೆಚ್ಚು ಓದು ಬೇಕಾಗಲಿಲ್ಲ. ರಕ್ತ ತೆಗೆಯುವ ಮುಂಚೆ ಕೊಡಬಾರದೆಂದು ಸುಧಾಕರ್ ಅಷ್ಟು ಹೇಳಿದ್ದರಲ್ಲ ಅಣ್ಣ ಎಂದೆ. ಅಂಗಡಿಯವನ ಮಾತು ಬಿಡು ಎಂದ. ನಾಳೆ ಪರೀಕ್ಷೆಗೆ ಮೈಸೂರಿಗೆ ನೀನೂ ಬಾ, ವರ್ಷಕ್ಕೊಂದು ಸಲ ನಿನ್ನನ್ನೂ ನೋಡಬೇಕಂತೆ ಎಂದು ಹೇಳಿ ಕೈ ತೊಳೆಯಲು ಹೋದ.

ಆ ರಾತ್ರಿ ಕಿವಿ ಕೊಟ್ಟು ಮಲಗಿದ್ದೆ. ರಂಜಿ ಬಚ್ಚಲಿಗೆ ಏಳಲಿಲ್ಲ.

ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಅವ್ವ ಮಾತ್ರೆಯ ಹಾಳೆ ಹರಿದಳು. ಮನೆ ತುಂಬ ವಾಸನೆ ಬಂತು. ಬೇಡ ಅವ್ವ ಎಂದು ಅವಳ ಕೈ ಹಿಡಿದೆ. ಅವಳು ಮೊಣಕೈಯಿಂದ ನನ್ನನ್ನು ಸರಿಸಿ, ರಂಜಿಯ ಬಾಯಿಗೆ ಎರಡೂ ಹೊತ್ತಿನದನ್ನು ಹಾಕಿ ಹಾಲು ಕುಡಿಸಿದಳು. ಬಸ್ಸಿನಲ್ಲಿ ರಂಜಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ತರಕಾರಿ ಲಾರಿಗಳು ಎದುರಿನಿಂದ ಕೇರಳದ ಕಡೆಗೆ ಹೋಗುತ್ತಿದ್ದವು. ಅವಳ ಚಪ್ಪಲಿ ಬಿಚ್ಚಿದರೆ ಪಟ್ಟಿಯ ಗುರುತು ಪಾದದಲ್ಲಿ ಗುಳಿಬಿದ್ದಿತ್ತು. ಬೆರಳಿನಿಂದ ಒತ್ತಿ ನೋಡಿದೆ. ಒತ್ತಿದ ಕಡೆ ಹಳ್ಳ ಹಾಗೇ ಉಳಿಯಿತು. ಅತ್ತಿಗೆಗೆ ತೋರಿಸಿದೆ. ಅವಳು ಸೆರಗಿನಿಂದ ಮಗಳ ಪಾದ ಮುಚ್ಚಿದಳು.

ಮಧ್ಯಾಹ್ನದ ಹೊತ್ತಿಗೆ ರಿಪೋರ್ಟು ಬಂತು. ಡಾಕ್ಟರಮ್ಮನ ಕೋಣೆಯಲ್ಲಿ ಸುಧಾಕರ್ ಕೂಡ ಇದ್ದರು. ನನ್ನ ರಿಪೋರ್ಟು ಚೆನ್ನಾಗಿದೆ ಎಂದರು. ರಂಜಿಯದು ಕೆಟ್ಟಿತ್ತು. ಕಿಡ್ನಿ ಹೊರಗೆ ಹಾಕಬೇಕಾದ ಕಸ ರಕ್ತದಲ್ಲಿ ಏರಿದೆ, ಔಷಧದ ಮಟ್ಟ ಈ ಸಲವೂ ಜಾಸ್ತಿಯಿದೆ ಎಂದರು ಡಾಕ್ಟರಮ್ಮ. ಈ ಔಷಧವೇ ಹೆಚ್ಚಾದರೂ ಕಿಡ್ನಿಗೆ ಪೆಟ್ಟು, ಇನ್ನೂ ಇಳಿಸಿ ನೋಡೋಣ ಎಂದು ಪೆನ್ನು ತೆಗೆದರು.

ಸುಧಾಕರ್ ಒಂದು ನಿಮಿಷ ಎಂದರು. ರಂಜಿಯನ್ನು ಹತ್ತಿರ ಕರೆದು ಅವಳ ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿದರು. ಕೂದಲೆಲ್ಲ ಹೋಗಿದೆಯಲ್ಲ ಪುಟ್ಟಿ ಎಂದರು. ಅರಿಸಿನ ಹಚ್ಚುತ್ತೀವಿ ಕಣಪ್ಪ ಎಂದು ಅವ್ವ ಮುಂದೆ ಬಂದಳು. ಅವರು ರಂಜಿಯ ಅಂಗಿಯ ತೋಳನ್ನು ಮೇಲೆ ಸರಿಸಿ ಮೊಣಕೈಯವರೆಗೆ ನೋಡಿದರು. ಕೈಗೂ ಹಚ್ಚುತ್ತೀರಾ ಅಮ್ಮ ಎಂದು ಕೇಳಿದರು. ಅವ್ವ ಹಿಂದಕ್ಕೆ ಸರಿದಳು.

ಇಷ್ಟು ಔಷಧ ನಿಜವಾಗಿ ಮೈಯಲ್ಲಿ ಇದ್ದಿದ್ದರೆ ಕೂದಲು ಹೆಚ್ಚಾಗಬೇಕಿತ್ತು, ಹೋಗುವುದು ಹೇಗೆ ಎಂದು ಅವರು ಡಾಕ್ಟರಮ್ಮನಿಗೆ ಹೇಳಿದರು. ಆಮೇಲೆ ಅಣ್ಣನ ಕಡೆ ತಿರುಗಿದರು. "ಬೆಳಿಗ್ಗೆ ಮಾತ್ರೆ ಕೊಟ್ಟು ಕರ್ಕೊಂಡ್ ಬಂದ್ರಾ?"

"ಇಲ್ಲ ಸಾರ್. ನೀವೇ ಬ್ಯಾಡ ಅಂದಿದ್ರಲ್ಲ." ಅಣ್ಣ ಜೇಬಿನಿಂದ ಕಾಗದದಲ್ಲಿ ಸುತ್ತಿದ ಮಾತ್ರೆ ತೆಗೆದು ಮೇಜಿನ ಮೇಲಿಟ್ಟ. "ತಕ್ಕಳಿ, ಇಲ್ಲೇ ಅದೆ."

ಪ್ರತಿ ಸಲವೂ ಅದನ್ನು ತರುತ್ತಿದ್ದ ಎಂದು ಆಗ ನನಗೆ ತಿಳಿಯಿತು. ಡಾಕ್ಟರಮ್ಮ ಆ ಮಾತ್ರೆಯನ್ನು ನೋಡಿ ತಲೆಯಾಡಿಸಿ ಬರೆಯತೊಡಗಿದರು. ಸುಧಾಕರ್ ರಂಜಿಯ ಮುಖ ನೋಡುತ್ತಿದ್ದರು. ರಂಜಿ ಅವ್ವನ ಮುಖ ನೋಡುತ್ತಿದ್ದಳು. ಆ ಕೋಣೆಯಲ್ಲಿ ನಾನು ಯಾವತ್ತೂ ಮಾತಾಡಿದವಳಲ್ಲ. ನಿನಗೆ ಹೇಗಿದೆಯಮ್ಮ ಎಂದು ನನ್ನನ್ನು ಕೇಳಿದರೂ ಅತ್ತಿಗೆಯೇ ಚೆನ್ನಾಗಿದ್ದಾಳೆ ಎನ್ನುತ್ತಿದ್ದಳು.

"ಕೊಟ್ಟವ್ರೆ ಸಾರ್," ಎಂದೆ. "ಸಂಜೆದು ಕೊಡ್ತಾನೇ ಇಲ್ಲ. ಪರೀಕ್ಷೆ ದಿನ ಬೆಳಗ್ಗೆ ಮಾತ್ರ ಎಲ್ಡೂ ಸೇರ್ಸಿ ಕೊಡ್ತಾರೆ."

ಪೆನ್ನು ನಿಂತಿತು. ಅಣ್ಣ ನನ್ನನ್ನು ನೋಡಿದ ರೀತಿಯನ್ನು ಬರೆಯಲಾರೆ.

ಸುಧಾಕರ್ ಬೈಯಲಿಲ್ಲ. ಕೂದಲಿಗೋಸ್ಕರವಾ ಎಂದು ಅತ್ತಿಗೆಯನ್ನು ಕೇಳಿದರು. ಅವಳು ಹೂಂ ಎಂದು ಅಳತೊಡಗಿದಳು. ಇದೇ ಕೆಲಸ ಮಾಡುವ ಬೇರೆ ಮಾತ್ರೆಯಿದೆ, ಅದರಿಂದ ಹೀಗೆ ಕೂದಲು ಬರುವುದಿಲ್ಲ, ಒಂದು ಮಾತು ಹೇಳಿದ್ದರೆ ಅವತ್ತೇ ಬದಲಾಯಿಸುತ್ತಿದ್ದೆವು ಎಂದರು. ಆಮೇಲೆ, ತಾನೂ ಕೇಳಬೇಕಿತ್ತು ಎಂದರು. ಬಂದಾಗಲೆಲ್ಲ ಮಗುವಿನ ಮುಖ ಹಳದಿಯಾಗಿರುವುದನ್ನು ನೋಡಿ ಮನೆಯಲ್ಲಿ ಏನೋ ಪೂಜೆ ಇರಬೇಕು ಎಂದುಕೊಂಡಿದ್ದರಂತೆ.

ಅವತ್ತೇ ರಂಜಿಯನ್ನು ಸೇರಿಸಿಕೊಂಡರು. ಉದ್ದನೆಯ ಸೂಜಿ ಹಾಕಿ ಕಿಡ್ನಿಯಿಂದ ಚೂರು ತೆಗೆದು ನೋಡಿದರು. ಮೈ ಅದನ್ನು ಕೊಲ್ಲಲು ಶುರುಮಾಡಿ ಬಹಳ ದಿನವಾಗಿದೆ ಎಂದರು. ಡ್ರಿಪ್ಪಿನಲ್ಲಿ ಔಷಧ ಹಾಕಿದರು. ಪಾದದ ಊತ ಇಳಿಯಿತು. ಸತ್ತ ಭಾಗ ಮತ್ತೆ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದರು ಡಾಕ್ಟರಮ್ಮ. ಎಷ್ಟು ವರ್ಷ ಬರುತ್ತದೆ ಎಂದು ಅಣ್ಣ ಕೇಳಿದ. ಈಗಲೇ ಹೇಳಲಾಗದು ಎಂದರು. ಅದು ಹೋದರೆ ಇನ್ನೊಂದು ಹಾಕಲು ಆಗುತ್ತದಾ ಎಂದು ಅವ್ವ ಕೇಳಿದಳು. ಕೇಳುವಾಗ ಅಭ್ಯಾಸಬಲದಿಂದ ನನ್ನ ಕಡೆ ನೋಡಿದಳು. ನೋಡಿದ ಮೇಲೆ ಅವಳಿಗೂ ನೆನಪಾಗಿರಬೇಕು, ಮುಖ ತಿರುಗಿಸಿದಳು.

ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅಣ್ಣ ನನ್ನ ಜೊತೆ ಮಾತಾಡಲಿಲ್ಲ. ಅತ್ತಿಗೆಯ ಹತ್ತಿರ ಮಾತ್ರ, ಹೊರಗಿನವರ ಮುಂದೆ ಮನೆಯ ಮಾನ ಕಳೆದಳು ಎಂದನಂತೆ. ತಾನು ಮಾಡಿದ್ದರ ಬಗ್ಗೆ ಏನೂ ಅನ್ನಲಿಲ್ಲ. ಅವ್ವ ಕಾರಿಡಾರಿನಲ್ಲಿ ಪಕ್ಕದ ಮಂಚದವರಿಗೆ, ಔಷಧ ಜಾಸ್ತಿ ಕೊಟ್ಟು ಮಗುವನ್ನು ಹೀಗೆ ಮಾಡಿದರು ಎಂದು ಹೇಳುವುದು ನನಗೆ ಕೇಳಿಸಿತು.

ಮನೆಗೆ ಕಳಿಸುವ ದಿನ ಸುಧಾಕರ್ ಹೊಸ ಮಾತ್ರೆಗಳನ್ನು ಒಂದು ಡಬ್ಬಿಯಲ್ಲಿ ಹಾಕಿಕೊಟ್ಟು ಮತ್ತೆ ಎಲ್ಲ ಹೇಳಿದರು. ಕೊನೆಗೆ, ಇನ್ನು ಮೇಲೆ ಇದು ಒಬ್ಬರ ಕೈಯಲ್ಲೇ ಇರಬೇಕು, ಯಾರು ಕೊಡುತ್ತೀರಿ ಎಂದು ಕೇಳಿದರು. ಎಲ್ಲರೂ ನೋಡಿಕೊಳ್ಳುತ್ತೀವಿ ಸಾರ್ ಎಂದು ಅಣ್ಣ ಡಬ್ಬಿ ತೆಗೆದುಕೊಂಡು ಅವ್ವನ ಚೀಲಕ್ಕೆ ಹಾಕಿದ. ಸುಧಾಕರ್ ನನ್ನ ಕಡೆ ಒಂದು ಸಲ ನೋಡಿದರು. ಅವರಿಗೆ ಇನ್ನೂ ಬೇರೆ ಮಕ್ಕಳನ್ನು ನೋಡುವುದಿತ್ತು.

ಗುಂಡ್ಲುಪೇಟೆಗೆ ಬಂದು ಇಳಿದಾಗ ಸಂಜೆಯಾಗಿತ್ತು. ಅವ್ವ ಡಬ್ಬಿಯನ್ನು ದೇವರ ಗೂಡಿನಲ್ಲಿ ವಿಭೂತಿಯ ತಟ್ಟೆಯ ಹಿಂದೆ ಇಟ್ಟಳು. ಅತ್ತಿಗೆ ಮುದ್ದೆಗೆ ಎಸರಿಟ್ಟಳು. ರಂಜಿ ಮೂಲೆಯಲ್ಲಿ ಕೂತು ಕನ್ನಡಿಯಲ್ಲಿ ತನ್ನ ಮೇಲ್ದುಟಿ ನೋಡಿಕೊಳ್ಳುತ್ತಿದ್ದಳು. ಹೊಸ ಮಾತ್ರೆಯ ಡಬ್ಬಿಯನ್ನು ಬಸ್ಸಿನಲ್ಲಿ ಅವ್ವನ ಚೀಲದಿಂದ ತೆಗೆದು ಬಿಚ್ಚಿ ಮೂಸಿ ನೋಡಿದ್ದೆ. ಅದಕ್ಕೆ ಯಾವ ವಾಸನೆಯೂ ಇಲ್ಲ. ಕೊಟ್ಟರೂ, ಕೊಡದಿದ್ದರೂ ಅಡುಗೆಮನೆಯಲ್ಲಿರುವ ನನಗೆ ಗೊತ್ತಾಗುವುದಿಲ್ಲ.

ಎಲ್ಲರೂ ಊಟಕ್ಕೆ ಕೂತರು. ಮಾತ್ರೆಯ ಹೊತ್ತು ಮೀರುತ್ತಿತ್ತು. ನಾನು ಬಡಿಸುವುದನ್ನು ನಿಲ್ಲಿಸಿ ಗೋಡೆಗೆ ಒರಗಿ ನಿಂತೆ.

"ಇವತ್ತಿಂದ ರಂಜಿ ಮಾತ್ರೆ ನಾನು ಕೊಡ್ತೀನಿ ಕಣವ್ವ."

ಅಣ್ಣ ಸಾರಿನ ಪಾತ್ರೆಯನ್ನು ತಾನೇ ಹತ್ತಿರಕ್ಕೆ ಎಳೆದುಕೊಂಡ. ಅತ್ತಿಗೆ ಮುದ್ದೆ ಮುರಿಯುತ್ತಿದ್ದ ತನ್ನ ಕೈಯನ್ನೇ ನೋಡುತ್ತಿದ್ದಳು. ಅವ್ವ ರಂಜಿಯ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟಳು.

"ಡಬ್ಬಿ ನನ್ ಕೈಗೆ ಕೊಡವ್ವ," ಎಂದೆ.